ಮೂರು ರಾತ್ರಿಗೆ ಯಾವ ದ್ವೀಪ?

ಮೂರು ರಾತ್ರಿ, ನಾಲ್ಕು ಹಗಲಿನ ರಜೆಗೆ ದ್ವೀಪ ಹುಡುಕುವಾಗ ಫೋಟೊ ಆಮೇಲೆ ನೋಡಿ, ಮೊದಲು ಗಡಿಯಾರ ನೋಡಿ. ಮನೆಗೆ ಬೀಗ ಹಾಕಿದ ಹೊತ್ತಿನಿಂದ ಮಕ್ಕಳು ನೀರಿಗೆ ಕಾಲಿಡುವ ಹೊತ್ತಿನವರೆಗೆ ಎಷ್ಟು ಗಂಟೆ ಆಗುತ್ತದೆ? ವಿಮಾನದಲ್ಲಿ ಕೂರುವುದು ಎರಡೇ ಗಂಟೆ ಇರಬಹುದು. ನಿಲ್ದಾಣದಲ್ಲಿ ಕಾಯುವುದು, ಇಳಿದ ಮೇಲೆ ಜೆಟ್ಟಿವರೆಗಿನ ದಾರಿ, ದೋಣಿಗೆ ಕಾಯುವುದು, ದೋಣಿ ಪ್ರಯಾಣ, ಅಲ್ಲಿಂದ ಕೋಣೆ ಸೇರುವುದು ಎಲ್ಲವನ್ನೂ ಹಾಳೆಯ ಮೇಲೆ ಬರೆದು ಕೂಡಿಸಿ. ಹೋಗುವುದಕ್ಕೇ ಏಳು ಗಂಟೆ ದಾಟಿತೆಂದರೆ ಆ ದ್ವೀಪವನ್ನು ಉದ್ದನೆಯ ರಜೆಗೆ ಎತ್ತಿಡಿ. ಬರುವುದಕ್ಕೂ ಅಷ್ಟೇ ಹೊತ್ತು ಬೇಕು, ನಡುವೆ ಉಳಿಯುವುದು ಎರಡೇ ಹಗಲು.

ಲೆಕ್ಕ ತಪ್ಪುವುದು ಸಾಮಾನ್ಯವಾಗಿ ಕೊನೆಯ ತುಂಡು ದಾರಿಯಲ್ಲಿ. ಮಾಲ್ಡೀವ್ಸ್‌ನ ನೀರಿನ ಮೇಲೆ ಇಳಿಯುವ ಸೀಪ್ಲೇನ್‌ಗಳು ಹಗಲಲ್ಲಿ ಮಾತ್ರ ಹಾರುತ್ತವೆ. ಸಂಜೆ ಇಳಿದವರಿಗೆ ದೂರದ ರೆಸಾರ್ಟ್ ಅಂದು ಸಿಗುವುದಿಲ್ಲ, ಮೊದಲ ರಾತ್ರಿ ರಾಜಧಾನಿ ಮಾಲೆಯ ಆಸುಪಾಸಿನಲ್ಲೇ ಕಳೆಯುತ್ತದೆ. ಹಾಗಾಗಿ ಸಂಜೆಯ ವಿಮಾನವಾದರೆ ಸ್ಪೀಡ್‌ಬೋಟ್ ಹೋಗುವ ಹತ್ತಿರದ ದ್ವೀಪವನ್ನೇ ಆರಿಸಿ. ಎಲ್ಲಿಗೇ ಹೋದರೂ ಕೊನೆಯ ದೋಣಿ ಎಷ್ಟು ಹೊತ್ತಿಗೆ ಹೊರಡುತ್ತದೆಂದು ಕೇಳಿ, ವಿಮಾನ ಎರಡು ಗಂಟೆ ತಡವಾದರೂ ಅದು ಸಿಗುವಂತಿರಲಿ. ಹೊಟ್ಟೆ ತೊಳಸುವ ಮಕ್ಕಳನ್ನು ದೊಡ್ಡ ಫೆರಿಯಲ್ಲಾದರೆ ಕೆಳ ಅಂತಸ್ತಿನ ನಡುಭಾಗದಲ್ಲಿ, ಸ್ಪೀಡ್‌ಬೋಟಿನಲ್ಲಾದರೆ ಹಿಂಭಾಗದಲ್ಲಿ ಕೂರಿಸಿ. ಅಲೆಗೆ ಹೆಚ್ಚು ಎಗರುವುದು ಮೂತಿಯ ಕಡೆ.

ಎರಡನೆಯದು ಋತು. ನಿಮಗೆ ಬೇಸಿಗೆ ಅಂದರೆ ದ್ವೀಪಕ್ಕೂ ಬೇಸಿಗೆ ಎಂದಲ್ಲ. ಮಾರಿಷಸ್‌ನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಚಳಿಗಾಲ, ಆಗ್ನೇಯದ ಗಾಳಿ ಪೂರ್ವ ತೀರಕ್ಕೆ ನೇರವಾಗಿ ಬಡಿಯುತ್ತದೆ. ಆಗ ಹೋಗುವವರು ಪಶ್ಚಿಮ ತೀರ ಹಿಡಿಯಬೇಕು. ಥಾಯ್ಲೆಂಡ್‌ನ ಫುಕೆಟ್‌ಗೆ ಮೇ–ಅಕ್ಟೋಬರ್ ಮುಂಗಾರು, ನೀರಿಗಿಳಿಯಬೇಡಿ ಎನ್ನುವ ಕೆಂಪು ಬಾವುಟ ತೀರದಲ್ಲಿ ಹಾರುವ ಕಾಲ. ಅದೇ ದೇಶದ ಇನ್ನೊಂದು ಮಗ್ಗುಲಿನ ಕೊ ಸಮುಯಿಗೆ ಜೋರು ಮಳೆ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಹಾಗಾಗಿ ಜುಲೈ ರಜೆಗೆ ಅದೇ ಸರಿ. ಕೆರಿಬಿಯನ್ನಿನಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಋತು. ಅರೂಬಾ, ಬೊನೇರ್, ಕುರಸಾವ್ ಅದರ ಮಾಮೂಲು ದಾರಿಯಿಂದ ದಕ್ಷಿಣಕ್ಕಿವೆ. ಗ್ರೀಸ್‌ನ ಸೈಕ್ಲಡೀಸ್ ದ್ವೀಪಗಳಲ್ಲಿ ಜುಲೈ, ಆಗಸ್ಟ್‌ನಲ್ಲಿ ಮೆಲ್ಟೆಮಿ ಎಂಬ ಉತ್ತರದ ಗಾಳಿ ಬೀಸುತ್ತದೆ. ಆಕಾಶ ಶುಭ್ರವಾಗಿದ್ದರೂ ಫೆರಿ ರದ್ದಾಗಬಹುದು. ಮಳೆಯ ಅಂಕಿ ಮಾತ್ರ ನೋಡಿ ಹೊರಟವರಿಗೆ ಇದು ಗೊತ್ತಾಗುವುದು ಜೆಟ್ಟಿಯಲ್ಲಿ ನಿಂತ ಮೇಲೆ.

ಈಗ ತೀರ. ಚಿಕ್ಕ ಮಕ್ಕಳಿರುವ ಮನೆಯವರಿಗೆ ದ್ವೀಪದ ಹೆಸರಿಗಿಂತ ತೀರದ ಗುಣವೇ ಮುಖ್ಯ. ಉಪಗ್ರಹ ನಕ್ಷೆಯಲ್ಲಿ ಆ ತೀರವನ್ನು ಹಿಗ್ಗಿಸಿ ನೋಡಿ. ದಡದಿಂದ ದೂರದಲ್ಲಿ ಬಿಳಿ ನೊರೆಯ ಗೆರೆ ಕಂಡರೆ ಅದು ಹವಳದ ದಿಬ್ಬ. ಅಲೆ ಅಲ್ಲೇ ಒಡೆಯುತ್ತದೆ, ಒಳಗಿನ ತಿಳಿ ನೀಲಿ ಲಗೂನ್ ಶಾಂತವಾಗಿರುತ್ತದೆ. ಆ ಗೆರೆ ಎಲ್ಲಿ ಕಡಿದು ಗಾಢ ನೀಲಿಯಾಗಿದೆಯೋ ಆ ಜಾಗ ಗುರುತಿಟ್ಟುಕೊಳ್ಳಿ. ಲಗೂನಿನ ನೀರು ಹೊರಗೆ ಹರಿಯುವ ಬಾಯಿ ಅದು, ಸೆಳೆತ ಜೋರು. ಅದರ ಎದುರಿನ ದಡದಲ್ಲಿ ಮಕ್ಕಳನ್ನು ನೀರಿಗಿಳಿಸಬೇಡಿ.

ಮತ್ತೆ ಉಬ್ಬರ, ಇಳಿತ. ಹೆಚ್ಚಿನ ಕಡೆ ಇವೆರಡರ ನಡುವೆ ಆರು ಗಂಟೆ ಚಿಲ್ಲರೆ ನಿಮಿಷ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಜಾಂಜಿಬಾರ್‌ನ ಪೂರ್ವ ತೀರದಲ್ಲಿ ಇಳಿತದ ಹೊತ್ತಿಗೆ ನೀರು ನೂರಾರು ಮೀಟರ್ ಹಿಂದೆ ಸರಿದು, ಕಡಲಚೆಂಡು ಎಂಬ ಮುಳ್ಳುಮೈಯ ಜೀವಿಗಳಿರುವ ನೆಲ ಬಯಲಾಗುತ್ತದೆ. ಆಗ ಈಜಲು ನೀರೇ ಇಲ್ಲ, ಬರಿಗಾಲಲ್ಲಿ ನಡೆಯುವಂತೆಯೂ ಇಲ್ಲ. ಉತ್ತರ ತುದಿಯ ನುಂಗ್ವಿಯಲ್ಲಿ ಈ ಕಾಟ ಕಡಿಮೆ. ಇಂಥ ಕಡೆ ಕೋಣೆ ಕಾದಿರಿಸುವ ಮುನ್ನವೇ ನಿಮ್ಮ ದಿನಾಂಕಗಳ ಉಬ್ಬರವಿಳಿತದ ಪಟ್ಟಿ ತೆರೆದು ನೋಡಿ. ಎರಡೂ ಪೂರ್ತಿ ಹಗಲುಗಳಲ್ಲಿ ಮಧ್ಯಾಹ್ನವೇ ಇಳಿತ ಬಿದ್ದರೆ ದಿನ ಬದಲಿಸಿ, ಇಲ್ಲವೇ ತೀರ ಬದಲಿಸಿ.

ನೋಟಕ್ಕೆ ಮಾರುಹೋಗಿ ತಪ್ಪುವುದೂ ಉಂಟು. ಸ್ಯಾಂಟೊರಿನಿಯ ಚೆಲುವು ಇರುವುದು ಕಡಿದಾದ ಬಂಡೆಯ ಮೇಲೆ. ಮೆಟ್ಟಿಲುಗಳಲ್ಲಿ ಮಗುವಿನ ತಳ್ಳುಗಾಡಿ ನಡೆಯುವುದಿಲ್ಲ, ಕಪ್ಪು ಮರಳು ಮಧ್ಯಾಹ್ನ ಕಾಲು ಸುಡುತ್ತದೆ. ಅದೇ ಸೈಕ್ಲಡೀಸ್‌ನ ನ್ಯಾಕ್ಸೊಸ್‌ನಲ್ಲಿ ಪ್ಲಾಕಾದಂಥ ಉದ್ದನೆಯ ಮರಳ ತೀರಗಳಿವೆ, ಪುಟ್ಟ ಮಕ್ಕಳಿರುವವರಿಗೆ ಅದೇ ಮೇಲು. ಕ್ರೀಟ್ ಸುಮಾರು 260 ಕಿಲೋಮೀಟರ್ ಉದ್ದ. ಮೂರು ರಾತ್ರಿಯಲ್ಲಿ ಸುತ್ತಿ ಮುಗಿಸುವ ಆಸೆ ಬಿಟ್ಟು, ಇಳಿಯುವ ನಿಲ್ದಾಣದ ಪಕ್ಕದ ಒಂದೇ ತೀರ ಹಿಡಿಯಿರಿ.

ದ್ವೀಪದಲ್ಲಿ ವೈದ್ಯರಿದ್ದಾರೆಯೇ, ರಾತ್ರಿ ಜ್ವರ ಏರಿದರೆ ದಾಟಿಸಲು ದೋಣಿ ಇದೆಯೇ ಎಂದು ತಂಗುವ ಜಾಗದವರನ್ನು ಮುಂಚೆಯೇ ಕೇಳಿ. ಉತ್ತರ ಸ್ಪಷ್ಟವಾಗಿ ಬರದಿದ್ದರೆ ಬೇರೆ ಜಾಗ ನೋಡಿ.

ಹಿಂದಿರುಗುವ ವಿಮಾನ ಬೆಳಗಿನದ್ದಾದರೆ ಕೊನೆಯ ರಾತ್ರಿಯನ್ನು ನಿಲ್ದಾಣವಿರುವ ದಡದಲ್ಲೇ ಇಟ್ಟುಕೊಳ್ಳಿ. ಮನೆಯಲ್ಲಿ ಯಾರಾದರೂ ಸ್ಕೂಬಾ ಡೈವಿಂಗ್ ಮಾಡುವವರಿದ್ದರೆ ಒಂದೇ ಮುಳುಗಾದರೂ ವಿಮಾನ ಹತ್ತಲು ಕನಿಷ್ಠ 12 ಗಂಟೆ, ಹಲವು ಮುಳುಗಾದರೆ ಕನಿಷ್ಠ 18 ಗಂಟೆ ಬಿಡುವು ಬೇಕು. ದೇಹದಲ್ಲಿ ಕರಗಿದ ನೈಟ್ರೋಜನ್ ಹೊರಹೋಗುವ ಮೊದಲೇ ಹಾರಿದರೆ ಗುಳ್ಳೆ ಕಟ್ಟಿ ಅಪಾಯ. ಆದ್ದರಿಂದ ಡೈವಿಂಗ್ ಮೊದಲ ಪೂರ್ತಿ ದಿನಕ್ಕೇ ಮುಗಿಯಲಿ, ಕೊನೆಯ ದಿನಕ್ಕೆ ದಡದ ಮರಳಾಟ ಸಾಕು.