ಬೇಸಿಗೆಯಲ್ಲಿ ನಾನು ಮೊದಲು ನೋಡುವುದು ಎಲೆಯ ಅಡಿಭಾಗ

ಗಿಡ ಬಾಡಿದ ಕೂಡಲೇ ನೀರು ಸುರಿಯಬೇಕು ಅನ್ನಿಸುತ್ತದೆ, ಅಲ್ವಾ? ನಾನು ಸ್ವಲ್ಪ ಕಾಯುತ್ತೇನೆ. ಮಧ್ಯಾಹ್ನ ಜೋತುಬಿದ್ದ ಎಲೆ ಸಂಜೆಗೆ ಎದ್ದು ನಿಂತರೆ ಚಿಂತೆಯಿಲ್ಲ. ಬೆಳಿಗ್ಗೆಯೂ ಹಾಗೇ ಇದ್ದರೆ ಮಣ್ಣಿಗೆ ಬೆರಳಿಟ್ಟು ನೋಡುತ್ತೇನೆ. ಒಣಗಿದ್ದರೆ ನೀರು ಹಾಕುತ್ತೇನೆ. ಒದ್ದೆಯಿದ್ದೂ ಬಾಡಿದ್ದರೆ ತೊಂದರೆ ಬೇರಿನಲ್ಲಿದೆ, ನೀರು ನಿಲ್ಲಿಸುತ್ತೇನೆ.

ಬಿಸಿಲಿನ ಜೊತೆಗೇ ಬರುವ ಶತ್ರು ಕೆಂಪು ನುಸಿ, ಎಲೆಯ ಅಡಿಯಲ್ಲಿ ಬಲೆ ನೇಯ್ದು ರಸ ಹೀರುವ ಪುಟಾಣಿ ಜೀವಿ. ಒಣ ಸೆಕೆ ಅದಕ್ಕೆ ಬಲು ಇಷ್ಟ, ಒಂದೇ ವಾರದಲ್ಲಿ ಮೊಟ್ಟೆ ದೊಡ್ಡ ನುಸಿಯಾಗಿಬಿಡುತ್ತದೆ. ಎಲೆಯ ಮೇಲೆ ಸೂಜಿಮೊನೆಯಷ್ಟು ಸಣ್ಣ ಹಳದಿ ಚುಕ್ಕೆಗಳು ಕಾಣುತ್ತವೆ. ಬಿಸಿಲಿಗೆ ಬಣ್ಣ ಕಳೆದುಕೊಂಡಿದೆ ಅಂತ ಸುಮಾರು ಜನ ಸುಮ್ನಿರುತ್ತಾರೆ. ಬಿಸಿಲಿಗೆ ಸುಟ್ಟ ಎಲೆಯೇ ಬೇರೆ: ಬಿಸಿಲು ಬಿದ್ದ ಕಡೆ ಮಾತ್ರ ಬಿಳಿಚಿ, ಕಾಗದದಂತೆ ಒಣಗಿರುತ್ತದೆ. ಅನುಮಾನ ಬಂದರೆ ಎಲೆಯ ಕೆಳಗೆ ಬಿಳಿ ಹಾಳೆ ಹಿಡಿದು ತಟ್ಟುತ್ತೇನೆ. ಬಿದ್ದ ಧೂಳಿನ ಕಣಗಳು ನಿಧಾನವಾಗಿ ನಡೆಯತೊಡಗಿದರೆ ಅದು ನುಸಿಯೇ.

ಆಗ ಮೊದಲ ಮದ್ದು ನೀರು. ಬೆಳಿಗ್ಗೆ ಪೈಪಿನಿಂದ ಎಲೆಯ ಅಡಿಭಾಗಕ್ಕೆ ರಭಸವಾಗಿ ಹೊಡೆಯುತ್ತೇನೆ, ಬಲೆಯೂ ನುಸಿಯೂ ಕೊಚ್ಚಿಹೋಗುತ್ತವೆ. ಅಷ್ಟಕ್ಕೆ ಬಗ್ಗದಿದ್ದರೆ 1 ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸುತ್ತೇನೆ. ಉರಿಬಿಸಿಲಿನಲ್ಲಿ ಎಣ್ಣೆ ಬಿದ್ದರೆ ಎಲೆ ಸುಡುತ್ತದೆ. ಮೊಟ್ಟೆಗಳು ಉಳಿದಿರುತ್ತವೆ, ಹಾಗಾಗಿ ವಾರದೊಳಗೆ ಇನ್ನೊಮ್ಮೆ ಹೊಡೆಯಲೇಬೇಕು.

ಕಾಂಡದ ಮೇಲೆ ಇರುವೆ ಸಾಲು ಕಂಡರೆ ಮೇಲೆ ರಸ ಹೀರುವ ಸಸ್ಯಹೇನೋ ಹಿಟ್ಟು ತಿಗಣೆಯೋ ಇರುತ್ತದೆ. ಅವು ಬಿಡುವ ಸಿಹಿ ಅಂಟಿಗಾಗಿ ಇರುವೆಗಳೇ ಕಾವಲು ಕಾಯುತ್ತವೆ. ಅಲ್ಲಿ ಗುಲಗಂಜಿ ಹುಳು (ಲೇಡಿಬರ್ಡ್) ಓಡಾಡುತ್ತಿದ್ದರೆ ನಾನು ಏನನ್ನೂ ಸಿಂಪಡಿಸುವುದಿಲ್ಲ. ಅದರ ಮರಿ ಕಪ್ಪಗೆ, ಉದ್ದಕ್ಕೆ, ಮುಳ್ಳುಮುಳ್ಳಾಗಿರುತ್ತದೆ. ದಯವಿಟ್ಟು ಅದನ್ನು ಕೀಟ ಅಂತ ಹೊಸಕಿ ಹಾಕಬೇಡಿ, ಹೇನು ತಿನ್ನುವುದರಲ್ಲಿ ಅದೇ ಮುಂದು.

ಬುಡಕ್ಕೆ ಎರಡು ಮೂರು ಇಂಚು ಒಣ ಎಲೆ ಹೊದಿಸುತ್ತೇನೆ, ಕಾಂಡಕ್ಕೆ ತಾಗದಂತೆ. ತರಕಾರಿ ಗಿಡಗಳಿಗೆ ಪಶ್ಚಿಮದ ಕಡೆ 50% ನೆರಳು ಪರದೆ ಕಟ್ಟುತ್ತೇನೆ. ಸುಟ್ಟ ಎಲೆಗಳನ್ನು ಬೇಸಿಗೆ ಮುಗಿಯುವ ತನಕ ಕೀಳುವುದಿಲ್ಲ, ಒಳಗಿನ ಚಿಗುರಿಗೆ ಅವೇ ನೆರಳು. ಟೊಮೆಟೊ ಹೂವು ಉದುರಿದರೂ ಗೊಬ್ಬರ ಸುರಿಯುವುದಿಲ್ಲ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ಸೆಕೆಯಿದ್ದರೆ ಅದು ಕಾಯಿ ಕಚ್ಚುವುದು ಕಷ್ಟ. ಸೆಕೆ ಇಳಿದ ಮೇಲೆ ಬರುವ ಹೂವು ನಿಲ್ಲುತ್ತದೆ.