ಅಮೆರಿಕದಲ್ಲಿ ಮೊಮ್ಮಗುವನ್ನು ಕಾರಿನಲ್ಲಿ ಕೂರಿಸುವುದು ಹೇಗೆ?

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವ ಅಮ್ಮಂದಿರ ಸೂಟ್‌ಕೇಸಿನಲ್ಲಿ ಅಂಟಿನುಂಡೆ, ಬಜೆ, ಕುಲಾವಿ, ಹಳೇ ಪಂಚೆಯ ಮೆತ್ತನೆ ಬಟ್ಟೆ ಎಲ್ಲವೂ ಇರುತ್ತದೆ. ಆಸ್ಪತ್ರೆಯಿಂದ ಕೂಸನ್ನು ಮನೆಗೆ ಯಾರು ಎತ್ತಿಕೊಂಡು ಬರಬೇಕು ಎನ್ನುವುದೂ ಮನಸ್ಸಿನಲ್ಲೇ ತೀರ್ಮಾನವಾಗಿರುತ್ತದೆ. ಅಜ್ಜಿಯೇ, ಇನ್ಯಾರು? ಅಲ್ಲಿ ಮಾತ್ರ ಅದು ನಡೆಯುವುದಿಲ್ಲ. ಹುಟ್ಟಿ ಎರಡೇ ದಿನವಾಗಿದ್ದರೂ ಮಗುವಿಗೆ ಕಾರಿನಲ್ಲಿ ಅದರದೇ ಸೀಟು ಬೇಕು. ಮಡಿಲಲ್ಲಿ ಇಟ್ಟುಕೊಳ್ಳುವಂತಿಲ್ಲ. ಸೀಟು ತಂದಿದ್ದೀರಾ ಎಂದು ನರ್ಸ್ ವಿಚಾರಿಸಿಯೇ ಕಳಿಸುವುದು ಅಲ್ಲಿನ ವಾಡಿಕೆ.

ಅಲ್ಲೇ ನೆಲೆಸಿರುವ ಅಪ್ಪ-ಅಮ್ಮಂದಿರಿಗೆ ಇದು ಸುಮಾರಾಗಿ ಗೊತ್ತಿರುತ್ತದೆ. ಪೇಚಾಟ ಶುರುವಾಗುವುದು ರಾಜ್ಯ ಬದಲಾದಾಗ, ಮಗು ಒಂದು ಸೀಟಿನಿಂದ ಇನ್ನೊಂದಕ್ಕೆ ಹೋಗುವಾಗ, ಊರಿನಿಂದ ನೆಂಟರು ಬಂದಾಗ.

1. ಮೊದಲು ಯಾವ ರಾಜ್ಯ ಅಂತ ನೋಡಿ

ಸೀಟನ್ನು ಹೇಗೆ ತಯಾರಿಸಬೇಕು ಎನ್ನುವುದಕ್ಕೆ ಇಡೀ ದೇಶಕ್ಕೆ ಒಂದೇ ನಿಯಮವಿದೆ. ಆದರೆ ಯಾವ ಮಗು ಯಾವ ಸೀಟಿನಲ್ಲಿ ಎಷ್ಟು ವರ್ಷ ಕೂರಬೇಕು ಎನ್ನುವುದನ್ನು ಆಯಾ ರಾಜ್ಯವೇ ಹೇಳುತ್ತದೆ. 1978ರಲ್ಲಿ ಟೆನೆಸ್ಸಿಯಲ್ಲಿ ಮೊದಲ ಕಾನೂನು ಜಾರಿಗೆ ಬಂತು. 1985ರ ಹೊತ್ತಿಗೆ ಎಲ್ಲ ರಾಜ್ಯಗಳಲ್ಲೂ ಒಂದಲ್ಲ ಒಂದು ಕಾನೂನು ಇತ್ತು. ಆದರೆ ಒಂದರಂತೆ ಇನ್ನೊಂದಿಲ್ಲ.

ಫ್ಲೋರಿಡಾದಲ್ಲಿ 5 ವರ್ಷದವರೆಗಿನ ಮಕ್ಕಳಿಗೆ ಮಾತ್ರ ಮಕ್ಕಳ ಸೀಟು ಕಡ್ಡಾಯ. 6 ತುಂಬಿದ ಮಗುವಿಗೆ ಬರೀ ಸೀಟ್ ಬೆಲ್ಟ್ ಹಾಕಿದರೂ ಪೊಲೀಸರು ಕೇಳುವುದಿಲ್ಲ. ಅದೇ ಮಗುವನ್ನು ಕೂರಿಸಿಕೊಂಡು ಜಾಕ್ಸನ್‌ವಿಲ್‌ನಿಂದ ಉತ್ತರಕ್ಕೆ ಹೊರಟು ಜಾರ್ಜಿಯಾ ಗಡಿ ದಾಟಿದಿರೋ, ಕಾನೂನು ಮುರಿದಂತೆ. ಅಲ್ಲಿ 8 ತುಂಬುವವರೆಗೆ ಕಾರ್ ಸೀಟ್ ಇಲ್ಲವೇ ಬೂಸ್ಟರ್ (ಕಾರಿನ ಬೆಲ್ಟ್ ಸರಿಯಾದ ಜಾಗಕ್ಕೆ ಬರುವಂತೆ ಮಗುವನ್ನು ಎತ್ತರಿಸುವ ಸೀಟು) ಬೇಕು. ವಾಷಿಂಗ್ಟನ್ ರಾಜ್ಯ ಇನ್ನೂ ಬಿಗಿ. 2020ರಿಂದ ಅಲ್ಲಿ ವಯಸ್ಸಿಗಿಂತ ಎತ್ತರವೇ ಲೆಕ್ಕ. 4 ಅಡಿ 9 ಇಂಚು ಆಗುವ ತನಕ ಬೂಸ್ಟರ್ ಬಿಡುವಂತಿಲ್ಲ. 13 ತುಂಬದವರು ಸಾಧ್ಯವಾದಷ್ಟೂ ಹಿಂದಿನ ಸೀಟಿನಲ್ಲೇ ಕೂರಬೇಕು.

ನಮ್ಮವರು ಜಾಸ್ತಿ ಇರುವ ಕ್ಯಾಲಿಫೋರ್ನಿಯಾದಲ್ಲಿ 2 ವರ್ಷದೊಳಗಿನ ಮಗುವಿನ ಮುಖ ಕಾರಿನ ಹಿಂಭಾಗದ ಕಡೆಗಿರಬೇಕು. ತೂಕ 40 ಪೌಂಡ್ ಅಥವಾ ಎತ್ತರ 40 ಇಂಚು ಮುಟ್ಟಿದ್ದರೆ ಮಾತ್ರ ವಿನಾಯಿತಿ. 8 ತುಂಬುವ ತನಕ ಹಿಂದಿನ ಸಾಲು, ಕಾರ್ ಸೀಟ್ ಅಥವಾ ಬೂಸ್ಟರ್. ಅಷ್ಟರೊಳಗೇ 4 ಅಡಿ 9 ಇಂಚು ಬೆಳೆದಿದ್ದರೆ ಬೆಲ್ಟ್ ಸಾಕು. ಟೆಕ್ಸಾಸ್‌ನಲ್ಲೂ 8 ವರ್ಷ ಅಥವಾ 4 ಅಡಿ 9 ಇಂಚು.

ದಂಡದಲ್ಲೂ ಹೀಗೇ. ಟೆಕ್ಸಾಸ್‌ನಲ್ಲಿ 25ರಿಂದ 250 ಡಾಲರ್. ಕ್ಯಾಲಿಫೋರ್ನಿಯಾದಲ್ಲಿ ಮೊದಲ ಸಲಕ್ಕೆ ಮೂಲ ದಂಡ 100 ಡಾಲರ್ ಅಷ್ಟೇ. ಆದರೆ ಅದರ ಮೇಲೆ ಬೀಳುವ ಶುಲ್ಕಗಳೆಲ್ಲ ಸೇರಿ 400 ಡಾಲರ್ ದಾಟುತ್ತದೆ. ಅಲ್ಲಿ ಅಪ್ಪ ಅಥವಾ ಅಮ್ಮ ಕಾರಿನಲ್ಲಿದ್ದರೆ ಟಿಕೆಟ್ ಅವರಿಗೆ. ಇಲ್ಲದಿದ್ದರೆ ಗಾಡಿ ಓಡಿಸುತ್ತಿರುವ ಮಾವನಿಗೋ ಚಿಕ್ಕಪ್ಪನಿಗೋ.

ರಾಜ್ಯವಾರು ಪಟ್ಟಿ ಗವರ್ನರ್ಸ್ ಹೈವೇ ಸೇಫ್ಟಿ ಅಸೋಸಿಯೇಶನ್‌ನ ಜಾಲತಾಣದಲ್ಲಿ ಸಿಗುತ್ತದೆ. ಪ್ರವಾಸ ಹೊರಟಿದ್ದರೆ ದಾರಿಯಲ್ಲಿ ಸಿಗುವ ರಾಜ್ಯಗಳ ಪೈಕಿ ಯಾವುದು ಹೆಚ್ಚು ಬಿಗಿಯೋ ಅದನ್ನೇ ಪಾಲಿಸಿ. ತಲೆನೋವೇ ಇರುವುದಿಲ್ಲ.

2. ಮಗುವಿನ ಅಳತೆ ತೆಗೆದುಕೊಳ್ಳಿ

ವಯಸ್ಸಷ್ಟೇ ನೋಡಿ ಸೀಟು ಬದಲಿಸಬೇಡಿ. ತೂಕ ಪೌಂಡಿನಲ್ಲಿ, ಎತ್ತರ ಇಂಚಿನಲ್ಲಿ ಬರೆದಿಡಿ. 40 ಪೌಂಡ್ ಅಂದರೆ ಸುಮಾರು 18 ಕೆ.ಜಿ., 4 ಅಡಿ 9 ಇಂಚು ಅಂದರೆ 145 ಸೆಂ.ಮೀ. ಇಷ್ಟು ಅಳತೆಯವರೆಗೆ ಮಾತ್ರ ಎಂದು ಸೀಟಿನ ಮೇಲೇ ಲೇಬಲ್ ಇರುತ್ತದೆ. ಕಾನೂನು ಹೇಳುವುದು ಕನಿಷ್ಠ ಮಾತ್ರ. ಮಕ್ಕಳ ವೈದ್ಯರು ಅದಕ್ಕೂ ಮುಂದೆ ಹೋಗುತ್ತಾರೆ: ಸೀಟಿನ ಮಿತಿ ಮುಟ್ಟುವ ತನಕ ಮಗುವನ್ನು ಹಿಮ್ಮುಖವಾಗಿಯೇ ಕೂರಿಸಿ ಎನ್ನುತ್ತಾರೆ. ಚಿಕ್ಕ ಮಕ್ಕಳ ತಲೆ ಭಾರ, ಕತ್ತು ಎಳೆಯದು. ಎದುರಿನಿಂದ ಡಿಕ್ಕಿಯಾದಾಗ ಹಿಮ್ಮುಖವಾಗಿದ್ದರೆ ಆ ಹೊಡೆತವನ್ನು ಬೆನ್ನು, ಕತ್ತು, ತಲೆ ಮೂರೂ ಹಂಚಿಕೊಳ್ಳುತ್ತವೆ. ‘ಪಾಪ, ಕಾಲು ಮಡಚಿಕೊಂಡಿದೆ, ತಿರುಗಿಸಿ’ ಅಂತ ಅಜ್ಜ ಹೇಳಿಯೇ ಹೇಳುತ್ತಾರೆ. ಕೇಳಬೇಡಿ. ಮಕ್ಕಳಿಗೆ ಚಕ್ಕಳಮಕ್ಕಳ ಕೂರುವುದು ಕಷ್ಟವೇ ಅಲ್ಲ.

3. ಸೀಟು ಅಲ್ಲೇ ಕೊಳ್ಳಿ

ಬೆಂಗಳೂರಿನಲ್ಲಿ ಕೊಂಡ ಸೀಟನ್ನು ಹೊತ್ತೊಯ್ಯಬೇಡಿ. ಅಮೆರಿಕದ ಮಾನದಂಡಕ್ಕೆ ಒಪ್ಪುತ್ತದೆ ಎನ್ನುವ ಲೇಬಲ್ ಇಲ್ಲದ ಸೀಟು ಅಲ್ಲಿ ಲೆಕ್ಕಕ್ಕಿಲ್ಲ. ಪರಿಚಯದವರು ಹಳೆಯದು ಕೊಟ್ಟರೆ ಎರಡು ವಿಷಯ ಕೇಳಿ. ಅವಧಿ ಮುಗಿದಿದೆಯಾ? ಸೀಟಿಗೂ ಎಕ್ಸ್‌ಪೈರಿ ದಿನಾಂಕವಿರುತ್ತದೆ, ತಳದಲ್ಲೋ ಬೆನ್ನಲ್ಲೋ ಅಚ್ಚಾಗಿರುತ್ತದೆ. ಯಾವುದಾದರೂ ಅಪಘಾತದಲ್ಲಿ ಇತ್ತಾ? ದೊಡ್ಡ ಡಿಕ್ಕಿ ಕಂಡ ಸೀಟನ್ನು ಮತ್ತೆ ಬಳಸಬಾರದು, ನೋಡಲು ಚೆನ್ನಾಗಿಯೇ ಇದ್ದರೂ. ದುಬಾರಿ ಸೀಟೇ ಆಗಬೇಕಿಲ್ಲ. ಅಂಗಡಿಯಲ್ಲಿರುವ ಅತಿ ಅಗ್ಗದ ಸೀಟೂ ಅದೇ ಮಾನದಂಡಕ್ಕೆ ಒಪ್ಪಿರಲೇಬೇಕು.

4. ಕಾರಿಗೆ ಬಿಗಿಯುವುದು

ಹೆಚ್ಚು ಜನ ಎಡವುವುದು ಇಲ್ಲೇ. ಹೆರಿಗೆಗೆ ಕೆಲವು ವಾರ ಇರುವಾಗಲೇ ಮಾಡಿ ಮುಗಿಸಿ. ಆಸ್ಪತ್ರೆಯ ಪಾರ್ಕಿಂಗ್‌ನಲ್ಲಿ ಮ್ಯಾನ್ಯುಯಲ್ ಓದುವ ಫಜೀತಿ ಬೇಡ.

ನಮ್ಮ ಕಾರುಗಳಲ್ಲಿ ಐಸೋಫಿಕ್ಸ್ ಎನ್ನುವುದನ್ನು ಹೆಚ್ಚುಕಡಿಮೆ ಅಲ್ಲಿ ಲ್ಯಾಚ್ ಎನ್ನುತ್ತಾರೆ. ಹಿಂದಿನ ಸೀಟಿನ ಬೆನ್ನು ಮತ್ತು ದಿಂಬು ಸೇರುವ ಸಂದಿಗೆ ಬೆರಳು ಹಾಕಿದರೆ ಕಬ್ಬಿಣದ ಸಣ್ಣ ಕಂಬಿ ಸಿಗುತ್ತದೆ. ಸೀಟಿನ ಕೊಕ್ಕೆಯನ್ನು ಅದಕ್ಕೆ ಸಿಕ್ಕಿಸಬೇಕು. ಅದು ಬೇಡವೆಂದರೆ ಕಾರಿನ ಬೆಲ್ಟ್ ಬಳಸಿ. ಎರಡೂ ಹಾಕಿದರೆ ಇನ್ನೂ ಗಟ್ಟಿ ಅಂದುಕೊಳ್ಳಬೇಡಿ. ಮ್ಯಾನ್ಯುಯಲ್ ಹೇಳಿದ್ದರೆ ಮಾತ್ರ ಎರಡೂ, ಇಲ್ಲವಾದರೆ ಒಂದೇ. ಸೀಟು ಮತ್ತು ಮಗುವಿನ ತೂಕ ಸೇರಿ 65 ಪೌಂಡ್ ಆದ ಮೇಲೆ ಸಾಮಾನ್ಯವಾಗಿ ಲ್ಯಾಚ್ ಕಂಬಿ ಬಿಟ್ಟು ಬೆಲ್ಟಿಗೆ ಬರಬೇಕು. ಮಗು ಮುಮ್ಮುಖವಾಗಿ ಕೂರುವಾಗ ಸೀಟಿನ ತಲೆಯ ಹಿಂದಿನ ಪಟ್ಟಿಯನ್ನೂ ಕಾರಿನ ಕೊಂಡಿಗೆ ಎಳೆದು ಕಟ್ಟಿ.

ಈಗ ಮೊಣಕಾಲನ್ನು ಸೀಟಿನೊಳಗೆ ಊರಿ, ಭಾರ ಬಿಟ್ಟು, ಪಟ್ಟಿ ಎಳೆಯಿರಿ. ಪಟ್ಟಿ ಹಾದುಹೋಗುವ ಜಾಗದಲ್ಲೇ ಸೀಟನ್ನು ಹಿಡಿದು ಅಲುಗಾಡಿಸಿ. ಯಾವ ಕಡೆಗೂ 1 ಇಂಚಿಗಿಂತ ಹೆಚ್ಚು ಸರಿಯಬಾರದು. ಹಿಮ್ಮುಖ ಸೀಟಿನ ಪಕ್ಕದಲ್ಲಿ ಓರೆ ತೋರಿಸುವ ಗುರುತಿರುತ್ತದೆ, ಅದನ್ನೂ ನೋಡಿ. ಸೀಟು ತೀರಾ ನೆಟ್ಟಗಿದ್ದರೆ ಕೂಸಿನ ಗಲ್ಲ ಎದೆಗೆ ಒತ್ತಿ ಉಸಿರಿಗೆ ತೊಂದರೆಯಾಗುತ್ತದೆ. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಹಿಮ್ಮುಖ ಸೀಟನ್ನು ಎಂದೂ ಇಡಬೇಡಿ.

ಅನುಮಾನವಿದ್ದರೆ ತರಬೇತಿ ಪಡೆದ ತಂತ್ರಜ್ಞರಿಗೆ ತೋರಿಸಿ. ಎಷ್ಟೋ ಊರುಗಳ ಅಗ್ನಿಶಾಮಕ ಠಾಣೆ, ಪೊಲೀಸ್ ಠಾಣೆಗಳಲ್ಲಿ ಪುಕ್ಕಟೆಯಾಗಿ ನೋಡಿಕೊಡುತ್ತಾರೆ. ಮೊದಲೇ ಫೋನ್ ಮಾಡಿ ಹೋಗಿ.

5. ಮಗುವನ್ನು ಕಟ್ಟುವುದು

ಬಟ್ಟೆ ಸುತ್ತಿ ಮೂಟೆ ಮಾಡಿದ ಕೂಸನ್ನು ಈ ಸೀಟಿನಲ್ಲಿ ಕೂರಿಸಲಾಗದು. ಒಂದು ಪಟ್ಟಿ ಕಾಲುಗಳ ನಡುವೆ ಬರಬೇಕಲ್ಲ? ಹಾಗಾಗಿ ಕೈಕಾಲು ಬಿಡಿಯಾಗಿರುವ ತೆಳು ಉಡುಪು ಹಾಕಿ. ಮೊದಲು ಪಟ್ಟಿ ಬಿಗಿದು, ಆಮೇಲೆ ಮೇಲಿನಿಂದ ಶಾಲು ಹೊದಿಸಿ. ಚಳಿಗಾಲದ ದಪ್ಪ ಜಾಕೆಟ್ಟಿಗೂ ಇದೇ ಮಾತು. ಡಿಕ್ಕಿಯಾದಾಗ ಜಾಕೆಟ್ ಒತ್ತಿ ತೆಳ್ಳಗಾಗುತ್ತದೆ, ಪಟ್ಟಿ ಸಡಿಲ ಬೀಳುತ್ತದೆ.

ಹಿಮ್ಮುಖವಾಗಿದ್ದರೆ ಪಟ್ಟಿ ಭುಜದ ಮಟ್ಟದಿಂದ ಅಥವಾ ಅದಕ್ಕಿಂತ ಕೆಳಗಿನಿಂದ ಬರಬೇಕು. ಮುಮ್ಮುಖವಾಗಿದ್ದರೆ ಭುಜದ ಮಟ್ಟ ಅಥವಾ ಮೇಲೆ. ಎದೆಯ ಕ್ಲಿಪ್ ಕಂಕುಳ ನೇರಕ್ಕಿರಲಿ, ಹೊಟ್ಟೆಯ ಮೇಲಲ್ಲ. ಕೊನೆಗೆ ಭುಜದ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ. ಮಡಿಕೆ ಸಿಕ್ಕಿದರೆ ಇನ್ನೂ ಎಳೆಯಬೇಕು.

6. ಬೂಸ್ಟರ್ ಬಿಡುವ ಮುನ್ನ

8 ತುಂಬಿದ ದಿನವೇ ಬೂಸ್ಟರ್ ಎತ್ತಿಡುವ ಆತುರ ಬೇಡ. ಮಗುವನ್ನು ಬರೀ ಸೀಟಿನಲ್ಲಿ ಕೂರಿಸಿ. ಬೆನ್ನು ಪೂರ್ತಿ ಒರಗಬೇಕು. ಮೊಣಕಾಲು ಸೀಟಿನ ಅಂಚಿನಲ್ಲಿ ಮಡಚಬೇಕು. ಕೆಳಗಿನ ಬೆಲ್ಟ್ ತೊಡೆಯ ಬುಡದಲ್ಲಿರಬೇಕು, ಮೇಲಿನದು ಕತ್ತಿಗೆ ತಾಗದೆ ಭುಜದ ನಡುವೆ ಹಾಯಬೇಕು. ಪ್ರಯಾಣ ಮುಗಿಯುವ ತನಕ ಹಾಗೇ ಕೂರಬೇಕು. ಇದರಲ್ಲಿ ಒಂದು ತಪ್ಪಿದರೂ ಬೂಸ್ಟರ್ ಇನ್ನೂ ಬೇಕು.

7. ದೊಡ್ಡವರೂ ಬೆಲ್ಟ್ ಹಾಕಬೇಕು

ಹಿಂದೆ ಕೂತರೆ ಬೆಲ್ಟ್ ಯಾಕೆ ಎನ್ನುವುದು ನಮ್ಮ ಹಿರಿಯರ ಖಾಯಂ ಪ್ರಶ್ನೆ. ನ್ಯೂಯಾರ್ಕ್ 1984ರಲ್ಲೇ ಬೆಲ್ಟ್ ಕಾನೂನು ತಂದ ಮೊದಲ ರಾಜ್ಯ. 2020ರ ನವೆಂಬರ್‌ನಿಂದ ಅಲ್ಲಿ ಹಿಂದೆ ಕೂತ ದೊಡ್ಡವರಿಗೂ ಕಡ್ಡಾಯ. ಕ್ಯಾಲಿಫೋರ್ನಿಯಾದಲ್ಲೂ ಎಲ್ಲರೂ ಹಾಕಲೇಬೇಕು. ದೊಡ್ಡವರಿಗೆ ಬೆಲ್ಟ್ ಕಡ್ಡಾಯ ಮಾಡದ ಏಕೈಕ ರಾಜ್ಯ ನ್ಯೂ ಹ್ಯಾಂಪ್‌ಶೈರ್. ಸೀರೆ ಸುಕ್ಕಾಗುತ್ತದೆ ಎಂದು ಬೆಲ್ಟನ್ನು ಕಂಕುಳ ಕೆಳಗೆ ತೂರಿಸಬೇಡಿ. ಸೆರಗು ಸರಿಸಿ, ಭುಜದ ಮೇಲಿಂದಲೇ ಹಾಕಿಕೊಳ್ಳಿ.

8. ಟ್ಯಾಕ್ಸಿ, ವಿಮಾನ

ಊರಿನಿಂದ ಪುಟ್ಟ ಮಕ್ಕಳ ಜೊತೆ ನೆಂಟರು ಬರುತ್ತಿದ್ದರೆ ವಿಮಾನ ನಿಲ್ದಾಣಕ್ಕೆ ಹೋಗುವಾಗಲೇ ಸೀಟು ಕಾರಿನಲ್ಲಿರಲಿ. ನ್ಯೂಯಾರ್ಕ್‌ನ ಟ್ಯಾಕ್ಸಿಗಳಿಗೆ ಕಾರ್ ಸೀಟಿನಿಂದ ವಿನಾಯಿತಿ ಇದೆ. ಅದನ್ನೇ ಎಲ್ಲ ಕಡೆ ನಂಬಬೇಡಿ. ಊಬರ್ ಕರೆಸಿದರೂ ಸಾಮಾನ್ಯವಾಗಿ ಸೀಟು ನಿಮ್ಮದೇ. ಸೀಟಿಲ್ಲದೆ ಮಗು ಇದ್ದರೆ ಡ್ರೈವರ್ ಬರಲ್ಲ ಎನ್ನಬಹುದು, ಅದು ಅವನ ತಪ್ಪಲ್ಲ.

ವಿಮಾನದಲ್ಲೂ ಬಳಸಬಹುದಾದ ಸೀಟಿನ ಮೇಲೆ ಹಾಗೆಂದು ಕೆಂಪಕ್ಷರದಲ್ಲಿ ಬರೆದಿರುತ್ತದೆ. ಬೂಸ್ಟರ್‌ಗೆ ಮಾತ್ರ ಹಾರಾಟದಲ್ಲಿ ಅವಕಾಶವಿಲ್ಲ, ಕಾರಣ ವಿಮಾನದಲ್ಲಿ ಭುಜದ ಬೆಲ್ಟ್ ಇರುವುದಿಲ್ಲ. ಅದನ್ನು ಲಗೇಜಿಗೆ ಹಾಕಿ. ಅಮೆರಿಕದ ದೊಡ್ಡ ಏರ್‌ಲೈನ್‌ಗಳು ಕಾರ್ ಸೀಟಿಗೆ ಬೇರೆ ದುಡ್ಡು ಕೇಳುವುದಿಲ್ಲ.