10,000 ರೂಪಾಯಿಯಲ್ಲಿ ಆಫೀಸಿನ ಬಟ್ಟೆ: ಪ್ಯಾಂಟಿನಿಂದ ಶುರು ಮಾಡಿ

ಹೊಸ ಕೆಲಸ ಸಿಕ್ಕ ವಾರವೇ ಅಂಗಡಿಗೆ ನುಗ್ಗಿ ಆರು ಶರ್ಟು ತರುವವರು ಬಹಳ ಮಂದಿ. ಮನೆಗೆ ಬಂದು ನೋಡಿದರೆ ಅದರಲ್ಲಿ ಎರಡಕ್ಕೆ ಹೊಂದುವ ಪ್ಯಾಂಟೇ ಇರುವುದಿಲ್ಲ. ದುಡ್ಡು ಕಡಿಮೆಯಿದ್ದಾಗ ಲೆಕ್ಕ ಪ್ಯಾಂಟಿನಿಂದ ಶುರುವಾಗಬೇಕು. ಒಂದು ನೇವಿ ಬ್ಲೂ, ಒಂದು ಕಡುಬೂದು ಬಣ್ಣದ್ದು ಸಾಕು. ಈ ಎರಡಕ್ಕೂ ಒಪ್ಪದ ಶರ್ಟು ಎಷ್ಟೇ ಅಗ್ಗವಿದ್ದರೂ ಬೇಡ. ತಿಳಿನೀಲಿ, ಬಿಳಿ, ಸಣ್ಣ ಗೀರಿನದು, ತಿಳಿಗುಲಾಬಿ, ಹೀಗೆ ನಾಲ್ಕು ಶರ್ಟು ಇದ್ದರೆ ಎಂಟು ಜೋಡಿ ಆಯಿತು. ಕಪ್ಪು ಪ್ಯಾಂಟಿನ ಆಸೆ ಬಿಡಿ. ಬೆಂಗಳೂರಿನ ಕಾವೇರಿ ನೀರು ಬಾರದ ಏರಿಯಾಗಳಲ್ಲಿ ಬೋರ್‌ವೆಲ್‌ನ ಗಡಸು ನೀರಿಗೆ ಸೋಪು ಸೇರಿ ಬಟ್ಟೆಯ ಮೇಲೆ ಬಿಳಿ ಪೊರೆ ಕೂರುತ್ತದೆ, ಅದು ಎದ್ದು ಕಾಣುವುದು ಕಪ್ಪಿನ ಮೇಲೆಯೇ.

10,000 ರೂಪಾಯಿಯನ್ನು ಹೀಗೆ ಹಂಚಿಕೊಳ್ಳಬಹುದು: ಶೂ, ಬೆಲ್ಟಿಗೆ 3,000, ಎರಡು ಪ್ಯಾಂಟಿಗೆ 2,500, ನಾಲ್ಕು ಶರ್ಟಿಗೆ 3,500. ಉಳಿದ 1,000 ಸಾಕ್ಸ್, ಬನಿಯನ್ನು, ಆಲ್ಟರೇಶನ್ನಿಗೆ. ಎಲ್ಲವನ್ನೂ ಒಂದೇ ದಿನ ತರಬೇಡಿ. ಒಂದು ಪ್ಯಾಂಟು, ಎರಡು ಶರ್ಟಿನಲ್ಲಿ ಮೊದಲ ವಾರ ಕಳೆದು ಸುತ್ತ ಕೂತವರನ್ನು ನೋಡಿ. ಬ್ಯಾಂಕು, ಶಾಲೆಗಳಲ್ಲಿ ಇನ್ ಶರ್ಟೇ ಬೇಕಾಗಬಹುದು. ಐಟಿ ಕಂಪನಿಯಲ್ಲಾದರೆ ಮ್ಯಾನೇಜರೇ ಜೀನ್ಸ್‌ನಲ್ಲಿ ಬರುತ್ತಿರಬಹುದು, ಆಗ ನಾಲ್ಕು ಫಾರ್ಮಲ್ ಶರ್ಟಿನ ಖರ್ಚೇ ದಂಡ.

ಬಟ್ಟೆ ಕೊಂಡು ಹೊಲಿಸುವುದಾದರೆ ಚಿಕ್ಕಪೇಟೆಗೆ ಹೋಗಿ. ಮೆಟ್ರೋ ಹಸಿರು ಮಾರ್ಗದಲ್ಲಿ ಆ ಹೆಸರಿನದೇ ನಿಲ್ದಾಣವಿದೆ. ಭಾನುವಾರ ಅಲ್ಲಿ ಬಹಳ ಅಂಗಡಿಗಳು ಬಾಗಿಲು ಹಾಕಿರುತ್ತವೆ, ವಾರದ ದಿನ ಬೆಳಿಗ್ಗೆ ಹೋದರೆ ಗಲಾಟೆಯೂ ಕಮ್ಮಿ. 58 ಇಂಚು ಅಗಲದ ಬಟ್ಟೆಯಲ್ಲಿ ಫುಲ್ ತೋಳಿನ ಶರ್ಟಿಗೆ 1.6 ಮೀಟರು, ಪ್ಯಾಂಟಿಗೆ 1.25 ಮೀಟರು ಹಿಡಿಯುತ್ತದೆ. 36 ಇಂಚಿನ ಪನ್ನವಾದರೆ ಶರ್ಟಿಗೇ 2.25 ಮೀಟರು ಬೇಕು. ಆದ್ದರಿಂದ ಮೀಟರಿನ ಬೆಲೆ ಕೇಳುವ ಮೊದಲು ಅಗಲ ಕೇಳಿ. ಅಪ್ಪಟ ಹತ್ತಿಯಾದರೆ ಹತ್ತು ಸೆಂಟಿಮೀಟರ್ ಹೆಚ್ಚಿಗೆ ತಂದು, ರಾತ್ರಿ ತಣ್ಣೀರಿನಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ ಆಮೇಲೆ ಟೈಲರ್‌ಗೆ ಕೊಡಿ. ಹಾಗೇ ಕೊಟ್ಟರೆ ಮೊದಲ ಒಗೆತಕ್ಕೇ ತೋಳು ಮೇಲೇರುತ್ತದೆ. ಜುಲೈ, ಆಗಸ್ಟಿನ ಜಿಟಿಜಿಟಿ ಮಳೆಯಲ್ಲಿ ಬಾಲ್ಕನಿಯಲ್ಲೇ ಬಟ್ಟೆ ಒಣಗಬೇಕಾದ ಮನೆಗಳಿಗೆ ಪಾಲಿಸ್ಟರ್ ಬೆರೆತ ಹತ್ತಿಯೇ ಮೇಲು, ಇಸ್ತ್ರಿಯೂ ನಿಲ್ಲುತ್ತದೆ. ಕಟ್ ಪೀಸ್ ಕೊಳ್ಳುವಾಗ ಪೂರ್ತಿ ಬಿಚ್ಚಿ ಬೆಳಕಿಗೆ ಹಿಡಿಯಿರಿ. ತುಂಡು ಅಗ್ಗವಾಗಿರಲು ಕೆಲವೊಮ್ಮೆ ನಡುವಿನ ಎಳೆದೋಷವೇ ಕಾರಣ.

ಬ್ರ್ಯಾಂಡಿಗಿಂತ ಕಣ್ಣಿಗೆ ಹೊಡೆಯುವುದು ಫಿಟಿಂಗು. ಅಳತೆ ಕೊಡಲು ಚಪ್ಪಲಿಯಲ್ಲಿ ಹೋಗಬೇಡಿ, ಆಫೀಸಿಗೆ ಹಾಕುವ ಶೂನಲ್ಲೇ ಹೋಗಿ. ಭುಜದ ಹೊಲಿಗೆ ಭುಜದ ಮೂಳೆಯ ತುದಿಗೇ ಬರಬೇಕು, ಕಾಲರ್ ಗುಂಡಿ ಹಾಕಿದ ಮೇಲೆ ಎರಡು ಬೆರಳು ತೂರಬೇಕು. ಸ್ಕೂಟರ್ ಹ್ಯಾಂಡಲ್ ಹಿಡಿದ ಹಾಗೆ ಎರಡೂ ಕೈ ಮುಂದೆ ಚಾಚಿ ನೋಡಿ. ಬೆನ್ನು ಬಿಗಿದರೆ ಸ್ವಲ್ಪ ದಿನದಲ್ಲೇ ಕಂಕುಳ ಹೊಲಿಗೆ ಬಿಡುತ್ತದೆ. ಪ್ಯಾಂಟಿನ ಹಿಂಬದಿ ಹೊಲಿಗೆಯಲ್ಲಿ ಒಂದೂವರೆ ಇಂಚು, ಬಾಟಮ್ಮಿನಲ್ಲಿ ಎರಡು ಇಂಚು ಬಟ್ಟೆ ಒಳಗೆ ಬಿಡಲು ಬಾಯಿಬಿಟ್ಟು ಹೇಳಿ. ವರ್ಷದೊಳಗೆ ಕ್ಯಾಂಟೀನಿನ ಊಟ ಅದನ್ನು ಕೇಳಿಯೇ ಕೇಳುತ್ತದೆ. ಹೊಸ ಟೈಲರ್ ಹತ್ತಿರ ಮೊದಲು ಒಂದೇ ಶರ್ಟು ಹೊಲಿಸಿ, ಒಂದು ಸಲ ಒಗೆದು ಹಾಕಿ ನೋಡಿದ ಮೇಲೆ ಮಿಕ್ಕ ಮೂರನ್ನು ಕೊಡಿ. ಗಣೇಶನ ಹಬ್ಬ, ದೀಪಾವಳಿಯ ಹಿಂದಿನ ವಾರಗಳಲ್ಲಿ ಕೊಟ್ಟರೆ ಹೇಳಿದ ದಿನಕ್ಕೆ ಸಿಗುವುದಿಲ್ಲ.

ರೆಡಿಮೇಡ್‌ಗೆ ಒಳ್ಳೆಯ ಕಾಲ ಆಷಾಢ. ಮದುವೆ ಮುಂಜಿ ಇರದೆ ವ್ಯಾಪಾರ ಕುಗ್ಗುವುದರಿಂದ ಕಮರ್ಷಿಯಲ್ ಸ್ಟ್ರೀಟಿನಿಂದ ಜಯನಗರ 4ನೇ ಬ್ಲಾಕಿನವರೆಗೆ ಆಷಾಢ ಸೇಲ್ ಬೋರ್ಡು ನೇತಾಡುತ್ತವೆ. ಎಕ್ಸ್‌ಪೋರ್ಟ್ ಸರ್‌ಪ್ಲಸ್ ಅಂಗಡಿಗಳಲ್ಲೂ ಚೆನ್ನಾದ ಮಾಲು ಸಿಗುತ್ತದೆ, ಆದರೆ ಪರೀಕ್ಷೆ ನಿಮ್ಮದೇ. ಎರಡು ತೋಳೂ ಒಂದೇ ಬಣ್ಣವೇ, ಕಾಜಾ ಬಿಚ್ಚಿಕೊಂಡಿದೆಯೇ, ಜಿಪ್ ಕಚ್ಚಿಕೊಳ್ಳುತ್ತದೆಯೇ ಅಂತ ಅಂಗಡಿಯ ಟ್ಯೂಬ್‌ಲೈಟಿನಲ್ಲಲ್ಲ, ಬಾಗಿಲ ಬಳಿ ಬಿಸಿಲಿನಲ್ಲಿ ನೋಡಿ. ಸೊಂಟ ಸಡಿಲವಿದ್ದರೆ, ಉದ್ದ ಹೆಚ್ಚಿದ್ದರೆ ಟೈಲರ್ ಸರಿಮಾಡುತ್ತಾನೆ. ಭುಜ ದೊಡ್ಡದಾದ ಶರ್ಟನ್ನು ಸರಿಮಾಡಲು ಹೊರಟರೆ ಶರ್ಟಿನಷ್ಟೇ ಖರ್ಚು, ಅಲ್ಲೇ ಬಿಟ್ಟು ಬನ್ನಿ.

ಹೆಂಗಸರಿಗೂ ಲೆಕ್ಕ ಇದೇ. ಕೆಳಗಿನದು ಮೊದಲು: ನೇವಿ ಮತ್ತು ಬಿಸ್ಕೆಟ್ ಬಣ್ಣದ ಎರಡು ನೇರ ಪ್ಯಾಂಟು, ಅವೆರಡಕ್ಕೂ ಒಪ್ಪುವ ನಾಲ್ಕು ಕುರ್ತಾ. ಸೆಟ್ ಕೊಂಡರೆ ಬಾಟಮ್ ಆ ಒಂದೇ ಕುರ್ತಾಕ್ಕೆ ಮೀಸಲಾಗಿಬಿಡುತ್ತದೆ. ಸ್ಕೂಟರಿನಲ್ಲಿ ಓಡಾಡುವವರು ಕುರ್ತಾದ ಸೈಡ್ ಓಪನ್ ಕೊನೆಗೊಳ್ಳುವ ಜಾಗಕ್ಕೆ ಒಂದು ಸಾಲು ಹೆಚ್ಚು ಹೊಲಿಗೆ ಹಾಕಿಸಿಕೊಳ್ಳಿ, ಹರಿಯುವುದು ಅಲ್ಲಿಂದಲೇ. ಸೀರೆ ಉಡುವವರಿಗೆ ಕಪ್ಪು, ಮರೂನ್, ಗಂಧದ ಬಣ್ಣದ ಮೂರು ಪ್ಲೇನ್ ಬ್ಲೌಸು ಇದ್ದರೆ ಮನೆಯಲ್ಲಿರುವ ಅರ್ಧ ಸೀರೆಗಳು ಆಫೀಸಿಗೆ ಸಲ್ಲುತ್ತವೆ. ಕೈಮಗ್ಗದ ಹತ್ತಿಗೆ ಸರ್ಕಾರದ ಪ್ರಿಯದರ್ಶಿನಿ ಮಳಿಗೆಗಳಿವೆ, ಖಾದಿಯಾದರೆ ಗಾಂಧಿ ಜಯಂತಿಯ ರಿಯಾಯಿತಿಗೆ ಕಾಯಿರಿ.

ಮೊದಲು ಹಾಳಾಗುವುದು ಕಾಲರ್ ಮತ್ತು ಕಂಕುಳು. ಕಾಲರಿನ ಮಡಿಕೆ ಸವೆದು ನೂಲೆದ್ದಿದ್ದರೆ ಶರ್ಟು ಬಿಸಾಡಬೇಡಿ. ಹಳೆಯ ಟೈಲರುಗಳು ಕಾಲರ್ ಬಿಚ್ಚಿ, ತಿರುಗಿಸಿ ಹೊಲಿದು ಕೊಡುತ್ತಾರೆ. ಬಿಳಿ ಶರ್ಟಿನ ಕಂಕುಳಲ್ಲಿ ಹಳದಿ ಕಟ್ಟಿಕೊಳ್ಳುವುದಕ್ಕೆ ಬೆವರಿನ ಜೊತೆ ಡಿಯೋಡರೆಂಟಿನಲ್ಲಿರುವ ಅಲ್ಯೂಮಿನಿಯಂ ಕೂಡ ಕಾರಣ. ಬ್ಲೀಚು ಹಾಕಿದರೆ ಹಳದಿ ಹೆಚ್ಚುವುದೇ ಹೆಚ್ಚು. ಅವತ್ತೇ ಆ ಜಾಗಕ್ಕೆ ಸೋಪು ಹಚ್ಚಿ ತಿಕ್ಕಿಬಿಡಿ.

ಶೂಗೆ ಅಷ್ಟು ದುಡ್ಡು ಯಾಕೆಂದರೆ ದಿನಾ ಹಾಕುವುದು ಅದೊಂದೇ ಜೊತೆ. ರೆಕ್ಸಿನ್ ಶೂ ಮಡಿಕೆ ಬೀಳುವಲ್ಲಿ ಸಿಪ್ಪೆ ಏಳುತ್ತದೆ, ಪಾಲಿಶಿಗೆ ಬಗ್ಗುವುದಿಲ್ಲ. ರಾಜ್ಯ ಸರ್ಕಾರದ ಲಿಡ್ಕರ್ ಮಳಿಗೆಗಳಲ್ಲಿ ಚರ್ಮದ ಶೂ, ಬೆಲ್ಟು ಎರಡೂ ಸಿಗುತ್ತವೆ. ಬೆಲ್ಟಿನ ಬಣ್ಣ ಶೂಗೆ ಹೊಂದಲಿ. ಪಾದ ಸ್ವಲ್ಪ ಊದಿರುವ ಸಂಜೆ ಹೊತ್ತಿನಲ್ಲೇ ಹಾಕಿ ನೋಡಿ ಕೊಳ್ಳಿ. ಭಾರಿ ಡಿಸ್ಕೌಂಟಿನಲ್ಲಿ ಸಿಗುವ ಹಳೆ ಸ್ಟಾಕಿನ ಪಿಯು (ಪಾಲಿಯುರೆಥೇನ್) ಸೋಲ್ ಬಗ್ಗೆ ಹುಷಾರು. ಡಬ್ಬಿಯಲ್ಲಿ ವರ್ಷಗಟ್ಟಲೆ ಕೂತ ಆ ಸೋಲು ಗಾಳಿಯ ತೇವಕ್ಕೆ ಸಡಿಲಗೊಂಡು, ಹಾಕಿದ ಕೆಲವೇ ದಿನಗಳಲ್ಲಿ ಪುಡಿಪುಡಿಯಾಗಬಹುದು. ಹೆಬ್ಬೆರಳಲ್ಲಿ ಒತ್ತಿ, ಬಗ್ಗಿಸಿ, ಬಿರುಕು ನೋಡಿ. ಮಳೆಯಲ್ಲಿ ನೆಂದ ಚರ್ಮದ ಶೂ ಒಳಗೆ ನ್ಯೂಸ್‌ಪೇಪರ್ ತುರುಕಿ ಫ್ಯಾನ್ ಕೆಳಗಿಡಿ, ಬಿಸಿಲಿಗಿಟ್ಟರೆ ಚರ್ಮ ಸೀಳುತ್ತದೆ.